ಕಾಳಿಯ ರಥಾರೋಹಣ

ನನ್ನ ಲೆಕ್ಕದಲ್ಲಿ ಪ್ರವಾಸದಿಂದ ಮೂರು ಬಗೆಯ ಸುಖಗಳುಂಟು. ಹೊರಡುವ ಮುನ್ನ ಅದರ ಮಾತನ್ನಾಡುವುದು ಒಂದು. ಹಿಂದಿರುಗಿದ ಮೇಲೆ ಅದರ ಮಾತನ್ನಾಡುವುದು ಇನ್ನೊಂದು. ನಡುವೆ ನಡೆಯುವ ಪ್ರವಾಸವನ್ನು ಮೂರನೆಯದೆಂದು ಎಣಿಸುವ ರೂಢಿಯಿದೆ. ಎಂಟು ವರ್ಷದ ಮಗಳನ್ನು ಹಿಂದಿನ ಆಸನದಲ್ಲಿ ಕೂರಿಸಿಕೊಂಡು ಹದಿನಾಲ್ಕು ದಿನ, ಸುಮಾರು ೧,೬೦೦ ಕಿಲೋಮೀಟರು ಸುತ್ತಿಬಂದವನಾದ ನಾನು, ಆ ಮೂರನೆಯದರ ವಿಷಯದಲ್ಲಿ ಮಾತ್ರ ಸದ್ಯಕ್ಕೆ ಮೌನವಾಗಿರುವುದೇ ಮೇಲು.

ದಸರೆಯೆಂದರೆ ಲೋಕವೆಲ್ಲ ಮೈಸೂರಿಗೆ ಬರುವ ಕಾಲ. ಕಳೆದ ವರ್ಷ ಆ ಕಾಲವನ್ನೇ ಆರಿಸಿಕೊಂಡು ನಾವು ಮೈಸೂರನ್ನು ಬಿಟ್ಟು ಹೊರಟೆವು. ಮತ್ತೊಬ್ಬರು ಬಳಸಿ ಮಾರಿದ ಬಿಳಿಯ ಬಣ್ಣದ ಪುಟ್ಟ ಕಾರೊಂದನ್ನು ಕೊಂಡು ಆಗ ಮೂರು ತಿಂಗಳಾಗಿತ್ತು. ನಾನೂ ನನ್ನ ಹೆಂಡತಿಯೂ ಸರದಿಯಂತೆ ನಡೆಸುವುದೆಂದು ಒಪ್ಪಂದವಾಯಿತು. ಸರದಿಯೆಂದರೆ ರಸ್ತೆ ನೇರವಾಗಿಯೂ ನಿರ್ಜನವಾಗಿಯೂ ಇದ್ದಾಗ ನಾನು, ಉಳಿದ ಸಮಯದಲ್ಲಿ ಆಕೆ. ಅಮ್ಮ ಬರಲಿಲ್ಲ. ಬೊಂಬೆ ಕೂರಿಸುವುದನ್ನು ತಪ್ಪಿಸುವಂತಿಲ್ಲವೆಂಬುದು ಒಂದು ಕಾರಣ, ಮಂಡಿನೋವು ಇನ್ನೊಂದು. ನನ್ನ ತಂಗಿ ಬಂದು ಜೊತೆಗಿರುವುದಾಗಿ ಒಪ್ಪಿಕೊಂಡಳು.

ಮೊದಲ ದಿನದ ಬೆಳಿಗ್ಗೆ, ಹೊಳೆನರಸೀಪುರ ಇನ್ನೂ ಕೆಲವು ಮೈಲಿ ಇರುವಂತೆಯೇ, ರಸ್ತೆಯ ಬದಿಯ ಒಂದು ಟೀ ಅಂಗಡಿಯ ಮುಂದೆ ಕಾರನ್ನು ನಿಲ್ಲಿಸಿದೆವು. ನಿಲ್ಲಿಸಿದ್ದೇ ತಡ, ಅಲ್ಲಿದ್ದ ಮೈಲಿಗಲ್ಲಿನ ಬುಡದಿಂದ ಕಂದುಬಣ್ಣದ ಒಂದು ನಾಯಿ ಎದ್ದು ಓಡಿಬಂತು. ಕೊರಳಲ್ಲಿ ಕೆಂಪು ಪಟ್ಟಿಯಿತ್ತು. ನೇರವಾಗಿ ಚಾಲಕನ ಬಾಗಿಲ ಬಳಿಗೆ ಬಂದು, ಮುಂಗಾಲುಗಳನ್ನು ಮೇಲಿಟ್ಟು, ಗಾಜಿನೊಳಗೆ ನನ್ನ ಹೆಂಡತಿಯ ಮುಖವನ್ನು ನೋಡಿತು. ಅನಂತರ ಹಿಂದಿನ ಬಾಗಿಲಿಗೆ ಹೋಗಿ ನನ್ನ ಮಗಳ ಮುಖವನ್ನು ನೋಡಿತು. ನೋಡಿ, ಕಾಲನ್ನು ಇಳಿಸಿ, ಮೆಲ್ಲಗೆ ನಡೆದುಹೋಗಿ ಮತ್ತೆ ಮೈಲಿಗಲ್ಲಿನ ಬುಡದಲ್ಲಿ ಕುಳಿತುಕೊಂಡಿತು. ಮಗಳು ಬಿಸ್ಕತ್ತನ್ನು ಒಯ್ದು ಮುಂದೆ ಇಟ್ಟರೆ ಮೂಸಿಯೂ ನೋಡಲಿಲ್ಲ.

“ನಾಕು ದಿವ್ಸ ಆಯ್ತು ಸ್ವಾಮಿ,” ಎಂದ ಅಂಗಡಿಯವನು, ಟೀಯನ್ನು ಎತ್ತರದಿಂದ ಲೋಟಕ್ಕೆ ಹುಯ್ಯುತ್ತ. “ಇಂಥದೇ ಬಿಳೀ ಕಾರಿನೋರು ಬಂದ್ರು. ಟೀ ಕುಡಿದ್ರು. ಬಾಗ್ಲು ತೆಗೆದು ಇದನ್ನ ಕೆಳಕ್ಕಿಳಿಸಿದ್ರು. ಆಮೇಲೆ ಹೊರಟೇ ಹೋದ್ರು. ಮರ್ತು ಹೋದ್ರೇನೋ, ತಿರುಗಿ ಬತ್ತಾರೆ ಅಂದ್ಕಂಡೆ. ನಾಯಿನೂ ಹಂಗೇ ಅಂದ್ಕಂಡೈತೆ.”

ನಾವು ಮೂವರೂ ಕೆಲಕಾಲ ಮಾತನಾಡಲಿಲ್ಲ. ಮೌನವನ್ನು ಮುರಿದವಳು ಮಗಳು. ಅವಳು ಏನು ಕೇಳಿದಳೆಂಬುದನ್ನು ಮಕ್ಕಳಿರುವ ಓದುಗರಿಗೆ ಹೇಳಬೇಕಾದುದಿಲ್ಲ. ಹದಿನಾಲ್ಕು ದಿನದ ಪ್ರಯಾಣ, ಹೋಟೆಲಿನ ಕೋಣೆಗಳಲ್ಲಿ ನಾಯಿಯನ್ನು ಸೇರಿಸುವುದಿಲ್ಲ, ಅಜ್ಜಿ ಒಪ್ಪುವುದಿಲ್ಲ, ಎಂದು ನಾನು ಮೂರು ಕಾರಣಗಳನ್ನು ಕೊಟ್ಟೆ. ಮೂರೂ ನಿಜವಾದವೇ. ಕೊನೆಗೆ, “ಬರುವಾಗ ನೋಡೋಣ” ಎಂದೆ. ‘ನೋಡೋಣ’ ಎಂಬುದು ತಂದೆಯರ ನಿಘಂಟಿನಲ್ಲಿ ‘ಇಲ್ಲ’ ಎಂಬುದಕ್ಕೆ ಸಭ್ಯವಾದ ಪರ್ಯಾಯಪದ. ಮಕ್ಕಳ ನಿಘಂಟಿನಲ್ಲಿ ಅದು ಪ್ರತಿಜ್ಞೆ. ಕಾರು ಹೊರಟಾಗ ಮಗಳು ಹಿಂದಿನ ಗಾಜಿನಲ್ಲಿ ನೋಡುತ್ತ ಕುಳಿತಿದ್ದಳು. ನಾನು ನೋಡಲಿಲ್ಲ. ನೋಡದಿರಲು ನನ್ನದೇ ಆದ ಒಂದು ಹಳೆಯ ಕಾರಣವಿತ್ತು. ಅದು ಮುಂದೆ ಬರುತ್ತದೆ.

ಬೇಲೂರು, ಚಿತ್ರದುರ್ಗ, ಹಂಪೆ, ಬಾದಾಮಿಗಳನ್ನು ನೋಡಿದೆವು. ಅವುಗಳನ್ನು ವರ್ಣಿಸಿ ಓದುಗರನ್ನು ದಣಿಸುವುದಿಲ್ಲ. ಬಾದಾಮಿಯಿಂದ ಮುಧೋಳಕ್ಕೆ ಹೋದುದು ನನ್ನ ಹಟದಿಂದ. ಕನ್ನಡ ಎಂ.ಎ. ಓದಿದವನಿಗೆ ಅದು ರನ್ನನ ನಾಡು. ಅವನು ಹುಟ್ಟಿದ ಬೆಳಗಲಿ ಅಲ್ಲಿಯೇ ಹತ್ತಿರದಲ್ಲಿದೆ. ಆದರೆ ಈ ಕಾಲದ ಲೋಕಕ್ಕೆ ಮುಧೋಳವೆಂದರೆ ಬೇಟೆನಾಯಿ: ನೀಳವಾದ ಮೂತಿ, ಒಳಸೇರಿದ ಹೊಟ್ಟೆ, ಬಾಣದಂತಹ ಮೈ. ೨೦೦೫ರಲ್ಲಿ ಭಾರತದ ಅಂಚೆ ಇಲಾಖೆಯವರು ನಮ್ಮ ದೇಶದ ನಾಲ್ಕು ತಳಿಯ ನಾಯಿಗಳಿಗೆ ಅಂಚೆಚೀಟಿ ಹೊರಡಿಸಿದಾಗ ಮುಧೋಳದ ನಾಯಿಯೂ ಆ ನಾಲ್ಕರಲ್ಲಿ ಒಂದಾಗಿತ್ತು. ನಾನು ರನ್ನನ ಮಾತನ್ನೆತ್ತಿದರೆ ಮಗಳು ನಾಯಿಯ ಮಾತನ್ನೆತ್ತುವಳು. ಕೊನೆಗೆ ಎರಡನ್ನೂ ಸೇರಿಸಿ ಒಂದು ಕಥೆ ಹೇಳಿದೆ.

ರನ್ನ ಹುಟ್ಟಿದುದು ಸೌಮ್ಯ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. ೯೪೯ರಲ್ಲಿ. ಅದೇ ಸೌಮ್ಯ ಸಂವತ್ಸರದಲ್ಲಿ, ಈಗಿನ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ, ಒಂದು ನಾಯಿಗೆ ಕಲ್ಲು ನೆಡಿಸಿದರು. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರನ್ನು ಗೆದ್ದ ಕಾಲ ಅದು. ಅವನ ಕಡೆಯ ಗಂಗರ ಬೂತುಗನ ಆಶ್ರಯದಲ್ಲಿದ್ದ ಮಣಲೆರನೆಂಬ ವೀರನ ಶೌರ್ಯಕ್ಕೆ ಮೆಚ್ಚಿ, ಬೇಕಾದುದನ್ನು ಕೇಳು ಎಂದಾಗ, ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೊಡಬೇಕೆಂದು ಬೇಡಿದ. ಮುಂದೆ ಬೇಟೆಯಲ್ಲಿ ಒಂದು ಮಹಾ ಹಂದಿಯ ಮೇಲೆ ಆ ಕಾಳಿಯನ್ನು ಬಿಟ್ಟಾಗ, ನಾಯಿಯೂ ಹಂದಿಯೂ ಹೋರಾಡಿ ಒಟ್ಟಿಗೆ ಸತ್ತವು. ಅದರ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿಯನ್ನು ದತ್ತಿಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ ಆ ನಾಯಿಯ ಪಾಪ ತಗಲುವುದೆಂದು ಶಾಸನದಲ್ಲಿ ಎಚ್ಚರಿಕೆಯನ್ನೂ ಬರೆಸಿದರು. ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಅದರ ಮೇಲೆ ನಾಯಿಯೂ ಹಂದಿಯೂ ಇನ್ನೂ ಹೋರಾಡುತ್ತಲೇ ಇವೆ.

ಮಗಳು ಎಲ್ಲವನ್ನೂ ಕೇಳಿ, “ಹಾಗಾದರೆ ನಾಯಿಗೆ ಪೂಜೆ ಮಾಡುತ್ತಿದ್ದರಾ ಅಪ್ಪ? ಮತ್ತೆ ಅಜ್ಜಿ ಏಕೆ ಬೇಡ ಅನ್ನುತ್ತಾರೆ?” ಎಂದಳು. ಹದಿಮೂರು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಶಾಸನವೊಂದು ಇಷ್ಟು ಬೇಗ ಪ್ರಯೋಜನಕ್ಕೆ ಬಂದುದನ್ನು ಕಂಡವನಲ್ಲ.

ವಿಜಯಪುರದಲ್ಲಿ ಗೋಲ್ ಗುಂಬಜಿನ ಮೆಟ್ಟಿಲುಗಳನ್ನು ಹತ್ತಿ ಮೇಲಿನ ಪಿಸುಮಾತಿನ ಪಡಸಾಲೆಯನ್ನು ಸೇರಿದೆವು. ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲಣ ಆ ಗುಮ್ಮಟದ ಹೊರಗಿನ ವ್ಯಾಸ ಸುಮಾರು ೪೪ ಮೀಟರು. ಒಂದು ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದುದು ಎದುರು ಕಡೆ ಕಿವಿಯಿಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಮಗಳನ್ನೂ ಅವಳ ತಾಯಿಯನ್ನೂ ಆಚೆಗೆ ಕಳುಹಿಸಿ ನಾನು ಈಚೆ ಕಿವಿಗೊಟ್ಟು ನಿಂತೆ. ಏನಾದರೂ ಮುದ್ದಾದ ಮಾತು ಬರಬಹುದೆಂಬ ನಿರೀಕ್ಷೆಯಿತ್ತು. ಮುನ್ನೂರ ಅರುವತ್ತು ವರ್ಷಗಳಿಗೂ ಮೇಲ್ಪಟ್ಟು ನಿಂತಿರುವ ಆ ಗೋಡೆ ನನ್ನ ಕಿವಿಯಲ್ಲಿ ಹೇಳಿತು: “ಅಪ್ಪ, ನೋಡೋಣ ಅಂದಿದ್ದೀಯ.” ಅಷ್ಟರಲ್ಲಿ ಯಾರೋ ಚಪ್ಪಾಳೆ ತಟ್ಟಿದರು, ಗುಮ್ಮಟವೆಲ್ಲ ಅದನ್ನು ಮತ್ತೆ ಮತ್ತೆ ತಟ್ಟಿ ಅನುಮೋದಿಸಿತು.

ಹಿಂದಿರುಗುವಾಗ ಚಿತ್ರದುರ್ಗ, ಅರಸೀಕೆರೆ, ಹಾಸನಗಳ ಮೇಲೆ ಬಂದು ಅದೇ ಟೀ ಅಂಗಡಿಯ ಮುಂದೆ ನಿಂತೆವು. ಯಾರೂ ಓಡಿಬರಲಿಲ್ಲ. ಮೈಲಿಗಲ್ಲಿನ ಬುಡದಲ್ಲಿ ಹುಲ್ಲು ಒಂದು ನಾಯಿಯ ಅಗಲಕ್ಕೆ ಒಣಗಿಹೋಗಿತ್ತು.

“ನೀವು ಹೋದ ಮೂರ್ನೇ ದಿವ್ಸ ಮೈಸೂರಿಂದ ವ್ಯಾನ್ ತಂದು ಕರ್ಕಂಡು ಹೋದ್ರು ಸ್ವಾಮಿ. ಯಾರೋ ಪುಣ್ಯಾತ್ಮರು ಫೋನ್ ಮಾಡಿದ್ರಂತೆ. ಮಳೇಲೂ ಅಲ್ಲೇ ಕೂತಿರ್ತಿತ್ತು. ನಾನು ಹಾಲು-ಬನ್ನು ಹಾಕ್ತಿದ್ದೆ. ರಾತ್ರಿ ಯಾರೂ ನೋಡ್ದೆ ಇರೋವಾಗ ತಿನ್ನೋದು. ಹಿಡಿಯೋಕೆ ಬಂದಾಗ ಕಚ್ಚಲಿಲ್ಲ. ಕಲ್ಲು ಬಿಟ್ಟು ಬರಾಕಿಲ್ಲ ಅಂತು, ಅಷ್ಟೆ.” ಹಾಗೆಂದು, ಗೋಡೆಯ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿದ್ದ ದೂರವಾಣಿಯ ಸಂಖ್ಯೆಯನ್ನು ಹರಿದು ನನ್ನ ಕೈಗಿತ್ತ. “ನೀವು ಮೈಸೂರಿನೋರಲ್ವಾ? ಒಂದ್ಸಲ ಹೋಗಿ ನೋಡಿ.”

ರಾತ್ರಿ ಮನೆ ಸೇರಿದೆವು. ಊಟವಾದ ಮೇಲೆ ಮಗಳು ಅಜ್ಜಿಗೆ ಹಂಪೆಯ ಬದಲು ಮೈಲಿಗಲ್ಲಿನ ಕಥೆ ಹೇಳಿದಳು. ಅಮ್ಮ ಬೊಂಬೆಗಳನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದವರು ತಲೆಯೆತ್ತದೆ, “ಬೇಡ. ನಾಯಿಯ ಸಹವಾಸ ನಮಗೆ ಬೇಡ” ಎಂದರು. ಮಡಿಹುಡಿಯ ಕಾರಣವೆಂದು ನಾವು ತಿಳಿದೆವು. ಅಮ್ಮನೂ ಬೇರೆ ಕಾರಣವನ್ನು ಹೇಳಲಿಲ್ಲ.

ಆದರೂ ಮರುದಿನ ಬೆಳಿಗ್ಗೆ ಆರು ಗಂಟೆಗೇ ಮಗಳು ಷೂ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ನೋಡಿ ಬರುವುದಷ್ಟೆ’ ಎಂದು ಅಮ್ಮನಿಗೆ ಹೇಳಿ ಹೊರಟೆವು.

ಊರ ಹೊರಗಿನ ಆ ಆಶ್ರಯಧಾಮದಲ್ಲಿ ನೂರಾರು ನಾಯಿಗಳಿದ್ದುವು. ಮೂರು ಕಾಲಿನವು, ಒಂದು ಕಣ್ಣಿನವು, ಮುದಿಯಾದವು. ನಾವು ಒಳಗೆ ಕಾಲಿಟ್ಟೊಡನೆ ಎಲ್ಲವೂ ಒಟ್ಟಿಗೆ ತಮ್ಮ ಯೋಗ್ಯತೆಗಳನ್ನು ಹೇಳಿಕೊಳ್ಳತೊಡಗಿದುವು. ಬೊಗಳದಿದ್ದುದು ಒಂದೇ. ಅದು ನಮ್ಮ ಕಡೆಗೆ ಬೆನ್ನು ಮಾಡಿ, ವಾಹನಗಳು ಬರುವ ಗೇಟಿನ ಕಡೆಗೆ ಮುಖವಿಟ್ಟು ಕುಳಿತಿತ್ತು. ಕೊರಳಲ್ಲಿ ಕೆಂಪು ಪಟ್ಟಿ.

ಅಲ್ಲಿನ ಮೇಲ್ವಿಚಾರಕಿ ಒಂದು ಫಾರಂ ಹಿಡಿದು ನಮ್ಮನ್ನು ಪ್ರಶ್ನಿಸತೊಡಗಿದರು. ಮನೆ ಸ್ವಂತದ್ದೋ ಬಾಡಿಗೆಯದೋ? ಹಗಲಲ್ಲಿ ಮನೆಯಲ್ಲಿ ಯಾರಿರುತ್ತಾರೆ? ಈ ಮೊದಲು ಸಾಕಿದ್ದೀರಾ? ನನ್ನ ಅಧ್ಯಾಪಕ ಹುದ್ದೆಯ ಸಂದರ್ಶನದಲ್ಲಿ ಇಷ್ಟು ಬೆವತಿರಲಿಲ್ಲ. ನಾಯಿಗೆ ರೇಬಿಸ್ ಚುಚ್ಚುಮದ್ದು ಹಾಕಿಸಿದ್ದರು. ಮರಿಯಾಗದಂತೆ ಶಸ್ತ್ರಚಿಕಿತ್ಸೆಯೂ ಆಗಿ ಗಾಯ ಮಾಗಿತ್ತು. ಸಾಕಿದ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಂದ ನರಳುವಂತೆ ತೊರೆದುಹೋಗುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ೧೧ನೆಯ ಕಲಮಿನಂತೆ ಅಪರಾಧವೆಂದು ಆಕೆ ಹೇಳಿದರು. ಕಾಯಿದೆಯೇನೋ ಇದೆ. ಕಾರಿನ ಸಂಖ್ಯೆಯನ್ನು ಮಾತ್ರ ಯಾರೂ ಬರೆದುಕೊಂಡಿರಲಿಲ್ಲ. ಅಪರಾಧಿಯನ್ನು ನಿಸ್ಸಂದೇಹವಾಗಿ ಗುರುತಿಸಬಲ್ಲ ಸಾಕ್ಷಿ ಒಂದೇ ಒಂದು. ಅದು ಸಾಕ್ಷಿ ಹೇಳುವುದಕ್ಕೆ ಬದಲಾಗಿ ಅಪರಾಧಿಯ ದಾರಿ ಕಾಯುತ್ತ ಕುಳಿತಿತ್ತು.

ಕೊನೆಯ ಪ್ರಶ್ನೆ: “ನೀವು ಪರಸ್ಥಳಕ್ಕೆ ಹೋಗುವಾಗ ಇದನ್ನು ಏನು ಮಾಡುತ್ತೀರಿ?”

ನನಗೆ ಉತ್ತರ ಹೊಳೆಯಲಿಲ್ಲ. “ಜೊತೆಗೆ ಕರೆದುಕೊಂಡು ಹೋಗುತ್ತೇವೆ,” ಎಂದಳು ನನ್ನ ಹೆಂಡತಿ. ನೋಡಿ ಬರಲು ಹೋದವರು ಸಹಿ ಹಾಕಿಬಿಟ್ಟೆವು.

ಜೊತೆಗೆ ಕರೆದೊಯ್ಯುವುದು ಎಷ್ಟು ಸುಲಭವೆಂಬುದು ಐದು ನಿಮಿಷದಲ್ಲಿಯೇ ತಿಳಿಯಿತು. ಹಗ್ಗ ಹಿಡಿದರೆ ನಮ್ಮ ಜೊತೆಯಲ್ಲಿ ಸಾಧುವಾಗಿ ಬಂತು. ಕಾರಿನ ಬಾಗಿಲನ್ನು ತೆರೆದೊಡನೆ ನಾಲ್ಕು ಕಾಲುಗಳನ್ನೂ ನೆಲಕ್ಕೆ ಊರಿ ನಿಂತಿತು. ಬಿಸ್ಕತ್ತು ತೋರಿಸಿದೆವು, ಹಿಂದಿನಿಂದ ತಳ್ಳಿದೆವು, ಮಗಳು ಒಳಗೆ ಕುಳಿತು ಕರೆದಳು. ಮೈ ನಡುಗುತ್ತಿತ್ತೇ ಹೊರತು ಹೆಜ್ಜೆ ಕದಲಲಿಲ್ಲ. ಮಹಾಪ್ರಸ್ಥಾನದಲ್ಲಿ ಇಂದ್ರನು ರಥವನ್ನು ತಂದು ನಿಲ್ಲಿಸಿದಾಗ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ತಾನು ರಥವನ್ನೇರಲೊಲ್ಲೆನೆಂದು ಧರ್ಮರಾಯ ಹಟ ಹಿಡಿದ. ವ್ಯಾಸರಿಗೆ ನಮ್ಮ ನಾಯಿಯ ಪರಿಚಯವಿರಲಿಲ್ಲವೆಂದು ಕಾಣುತ್ತದೆ. ಇಲ್ಲಿ ನಾವು ಮೂವರೂ ರಥವೇರಿ ಕುಳಿತು ಬೇಡುತ್ತಿದ್ದರೂ, ಒಲ್ಲೆನೆಂದುದು ನಾಯಿಯೇ.

ಮನೆಗೆ ಆರು ಕಿಲೋಮೀಟರು. “ನಾನು ನಡೆಸಿಕೊಂಡು ಬರುತ್ತೇನೆ, ನೀವು ಹೊರಡಿ,” ಎಂದೆ. ಹೆಂಡತಿ ಕಾರನ್ನು ಹೊರಡಿಸಿದಳು. ಇಪ್ಪತ್ತು ಗಜ ಹೋಗಿರಬಹುದು. ನಾಯಿ ಒಮ್ಮೆ ನನ್ನನ್ನು ನೋಡಿತು, ಒಮ್ಮೆ ದೂರವಾಗುತ್ತಿದ್ದ ಬಿಳಿಯ ಕಾರನ್ನು ನೋಡಿತು. ಆಮೇಲೆ, ಅಲ್ಲಿಯವರೆಗೆ ಒಂದು ಸಲವೂ ಬಾಯಿ ತೆರೆಯದಿದ್ದುದು, ಊಳಿಟ್ಟು ಹಾರಿತು. ಹಗ್ಗ ಬಿಗಿದು ಕೆಳಗೆ ಬಿತ್ತು, ಎದ್ದಿತು, ಮತ್ತೆ ಹಾರಿತು. ಕಾರಿನೊಳಗೆ ಹತ್ತಲು ಹೆದರುವ ಪ್ರಾಣಿ, ಕಾರು ತನ್ನನ್ನು ಬಿಟ್ಟುಹೋಗುವುದಕ್ಕೆ ಅದಕ್ಕಿಂತ ಹೆಚ್ಚಾಗಿ ಹೆದರುತ್ತಿತ್ತು. ನನ್ನ ಅಂಗೈ ಸುಲಿದುಹೋಯಿತು; ಅದು ಆಗ ತಿಳಿಯಲಿಲ್ಲ. ತಿಳಿದುದು ಬೇರೆ.

ಆಗ ನನಗೆ ಒಂಬತ್ತು ವರ್ಷ. ಅರಸೀಕೆರೆಯ ಕಡೆಯ ಒಂದು ಹಳ್ಳಿಯಲ್ಲಿ ಹೈಸ್ಕೂಲಿನ ಉಪಾಧ್ಯಾಯರಾಗಿದ್ದ ನಮ್ಮ ತಂದೆಯವರಿಗೆ ಮೈಸೂರಿಗೆ ವರ್ಗವಾಯಿತು. ಅಲ್ಲಿ ಕರಿಯ ಎಂಬ ನಾಯಿಯಿತ್ತು. ಅದು ನಮ್ಮದೆಂದು ಹೇಳುವಂತಿಲ್ಲ, ಬೀದಿಯದು; ಆದರೆ ಮಲಗುತ್ತಿದ್ದುದು ನಮ್ಮ ಜಗುಲಿಯ ಮೇಲೆ, ಶಾಲೆಗೆ ಬರುತ್ತಿದ್ದುದು ನನ್ನ ಹಿಂದೆ. ಸಾಮಾನು ತುಂಬಿದ ಲಾರಿಯಲ್ಲಿ ಹಾಸಿಗೆಯ ಸುರುಳಿಗಳ ಮೇಲೆ, ಹಿಂದಕ್ಕೆ ಮುಖ ಮಾಡಿ ನಾನು ಕುಳಿತಿದ್ದೆ. ಲಾರಿ ಹೊರಟಾಗ ಕರಿಯ ಅದೊಂದು ಆಟವೆಂಬಂತೆ ಓಡಿಬಂತು. ಊರು ದಾಟಿದ ಮೇಲೂ ಓಡಿತು. ಆಟವಲ್ಲವೆಂದು ಅದಕ್ಕೆ ಎಲ್ಲಿ ತಿಳಿಯಿತೋ ನಾನು ಹೇಳಬಲ್ಲೆ: ಕೆರೆಯ ಏರಿಯ ಮೇಲೆ. ಅಲ್ಲಿಂದ ಮುಂದೆ ಅದರ ಓಟದ ರೀತಿಯೇ ಬೇರೆಯಾಯಿತು. ನಾನು ಕೈಬೀಸಿದೆ. ಬಾ ಎಂದು ಬೀಸಿದೆನೋ, ಹೋಗು ಎಂದು ಬೀಸಿದೆನೋ, ಇಂದಿಗೂ ನನಗೆ ತಿಳಿಯದು. ತಿರುವಿನಲ್ಲಿ ಧೂಳು ಮುಚ್ಚಿತು. ಇದನ್ನು ನಾನು ಯಾರಿಗೂ, ನನ್ನ ಹೆಂಡತಿಗೂ, ಹೇಳಿರಲಿಲ್ಲ.

ಕಾರು ನಿಂತಿತು. ಹೆಂಡತಿ ಕನ್ನಡಿಯಲ್ಲಿ ಎಲ್ಲವನ್ನೂ ನೋಡಿದ್ದಳು. ಕಾರನ್ನು ಅಲ್ಲಿಯೇ ಒಂದು ಹೊಂಗೆಯ ಮರದ ಕೆಳಗೆ ನಿಲ್ಲಿಸಿ, ಬೀಗ ಹಾಕಿ, ಮಗಳ ಕೈಹಿಡಿದು ನಡೆದುಬಂದಳು. “ಎಲ್ಲರೂ ನಡೆಯೋಣ ಬನ್ನಿ. ಕಾರನ್ನು ಸಾಯಂಕಾಲ ತಂದರಾಯಿತು,” ಎಂದಳು. ಅಷ್ಟೆ. ೧,೬೦೦ ಕಿಲೋಮೀಟರಿನ ಪ್ರವಾಸದಲ್ಲಿ ಅತ್ಯಂತ ಉದ್ದವಾದ ಆರು ಕಿಲೋಮೀಟರನ್ನು ನಾವು ಕಾಲಿನಿಂದ ನಡೆದೆವು. ದಾರಿಯುದ್ದಕ್ಕೂ ನಾಯಿ ಎರಡು ನಿಮಿಷಕ್ಕೊಮ್ಮೆ ತಿರುಗಿ ಮೂವರನ್ನೂ ಎಣಿಸಿಕೊಳ್ಳುತ್ತಿತ್ತು.

ಮನೆ ಸೇರುವಾಗ ಮಧ್ಯಾಹ್ನವಾಗಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದರು. ನಾಯಿಯನ್ನು ನೋಡಿದರು, ನಮ್ಮ ಕೆಂಪಗಾದ ಮುಖಗಳನ್ನು ನೋಡಿದರು. “ಕಾರೆಲ್ಲಿ?” ಎಂದರು.

ನಡೆದುದನ್ನು ಹೇಳಿದೆ. ಕಾರಿನ ಹಿಂದೆ ಅದು ಹಾರಿದ ಭಾಗಕ್ಕೆ ಬಂದಾಗ ಅಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ಜಗುಲಿಯ ಮೇಲೆ ಕುಳಿತುಬಿಟ್ಟರು.

“ಕರಿಯನೂ ಹೀಗೆಯೇ ಬಂತು ಕಣೋ, ಲಾರಿಯ ಹಿಂದೆ,” ಎಂದರು. ನಾನು ಬೆರಗಾದೆ. ಅಮ್ಮ ಮುಂದೆ ಚಾಲಕನ ಪಕ್ಕದಲ್ಲಿ, ತಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. “ಪಕ್ಕದ ಕನ್ನಡಿಯಲ್ಲಿ ಕಾಣುತ್ತಿತ್ತು. ನಿಲ್ಲಿಸಿ ಅನ್ನಬೇಕೆಂದು ಬಾಯಿಗೆ ಬಂತು. ಅನ್ನಲಿಲ್ಲ. ಆಮೇಲೆ ಅದು ಆ ಬೀಗ ಹಾಕಿದ ಮನೆಯ ಜಗುಲಿ ಬಿಟ್ಟು ಕದಲುವುದಿಲ್ಲವೆಂದು ಪಕ್ಕದ ಮನೆಯವರು ಕಾಗದ ಬರೆದಿದ್ದರು. ಒಂದು ಭಾನುವಾರ, ಪರೀಕ್ಷೆಯ ಕೆಲಸವಿದೆಯೆಂದು ಹೇಳಿ ನಿಮ್ಮಪ್ಪ ಹೋದರಲ್ಲ, ನೆನಪಿದೆಯೆ? ಪರೀಕ್ಷೆಯೂ ಇಲ್ಲ ಏನೂ ಇಲ್ಲ. ಕರಿಯನನ್ನು ಕರೆತರಲು ಬಸ್ಸಿನಲ್ಲಿ ಹೋಗಿದ್ದರು. ಸಿಕ್ಕಲಿಲ್ಲ. ನಿನಗೆ ಹೇಳಬಾರದು ಎಂದರು.”

ತಂದೆಯವರು ತೀರಿಕೊಂಡು ಆರು ವರ್ಷಗಳಾದುವು. ಅಲ್ಪಭಾಷಿಗಳು, ಪ್ರೀತಿಯನ್ನು ಬಾಯಲ್ಲಿ ಆಡಿದವರಲ್ಲ. ನಾನು ನಾಯಿಯ ಹಗ್ಗವನ್ನು ಹಿಡಿದುಕೊಂಡೇ ಬಹಳ ಹೊತ್ತು ನಿಂತಿದ್ದೆ.

“ಅದಕ್ಕೇ ಬೇಡ ಅಂದದ್ದು,” ಎಂದರು ಅಮ್ಮ ಕಣ್ಣೊರೆಸಿಕೊಂಡು. “ಇನ್ನೊಂದನ್ನು ಬಿಟ್ಟುಬರುವ ಶಕ್ತಿ ನನಗಿಲ್ಲ. ತಂದ ಮೇಲೆ ಇರಲಿ. ನಡುಮನೆಯ ಹೊಸ್ತಿಲು ಮಾತ್ರ ದಾಟಕೂಡದು.”

ಮಗಳು ಅದಕ್ಕೆ ಕಾಳಿ ಎಂದು ಹೆಸರಿಟ್ಟಳು. ಹೆಸರು ಇಡುವಾಗ ಆತಕೂರಿನ ಹಂದಿಯ ನೆನಪಿತ್ತು. ಒಂದು ವಾರದಲ್ಲಿಯೇ ತಿಳಿಯಿತು, ನಮ್ಮ ಕಾಳಿ ಪ್ರೆಷರ್ ಕುಕ್ಕರಿನ ಸೀಟಿಗೆ ಹೆದರುತ್ತದೆಯೆಂದು. ಛತ್ರಿ ಬಿಡಿಸಿದರೆ ಮಂಚದ ಕೆಳಗೆ ಹೋಗುತ್ತದೆ. ದೀಪಾವಳಿಯ ಮೂರು ರಾತ್ರಿಯೂ ಹೊರಕೋಣೆಯ ಮೂಲೆಯಲ್ಲಿ ಮುದ್ದೆಯಾಗಿ ಕುಳಿತಿತ್ತು. ಕಿಟಕಿಗಳನ್ನೆಲ್ಲ ಮುಚ್ಚಿ ಅಮ್ಮ ಪಕ್ಕದಲ್ಲಿ ಚಾಪೆ ಹಾಕಿಕೊಂಡು ಜಪಮಾಲೆ ತಿರುಗಿಸುತ್ತಿದ್ದರು. ಹೊಸ್ತಿಲಿನ ನಿಯಮವನ್ನು ಮಾತ್ರ ಕಾಳಿ ಮೊದಲ ದಿನವೇ ಗ್ರಹಿಸಿತು. ಗಡಿಯನ್ನು ಇಷ್ಟು ಗೌರವಿಸುವವರು ಪ್ರಪಂಚದಲ್ಲಿ ಇನ್ನೂ ನಾಲ್ಕು ಮಂದಿ ಇದ್ದಿದ್ದರೆ ಅನೇಕ ಯುದ್ಧಗಳು ತಪ್ಪುತ್ತಿದ್ದುವು.

ಅಮ್ಮನ ಮನಸ್ಸನ್ನು ಪೂರ್ತಿಯಾಗಿ ಗೆದ್ದುಕೊಟ್ಟವರು ಪಶುವೈದ್ಯರು. ಈರುಳ್ಳಿ, ದ್ರಾಕ್ಷಿ, ಚಾಕೊಲೆಟ್ಟು, ಇವು ನಾಯಿಗೆ ವಿಷ. ಮನೆಯ ಸಾರನ್ನು ಹಾಕುವುದಾದರೆ ಈರುಳ್ಳಿಯಿಲ್ಲದಂತೆ ನೋಡಿಕೊಳ್ಳಿ ಎಂದು ಅವರು ಹೇಳಿದರು. ಅಮ್ಮ ಈರುಳ್ಳಿಯನ್ನು ಬಿಟ್ಟು ಎಷ್ಟೋ ವರ್ಷಗಳಾದುವು. “ಈರುಳ್ಳಿ ತಿನ್ನಬಾರದ ಪ್ರಾಣಿ ಎಂದ ಮೇಲೆ ಹೊರಗಿನದು ಅನ್ನುವುದು ಹೇಗೆ?” ಎಂದರು. ಅಂದಿನಿಂದ ಕಾಳಿಯ ಅಡಿಗೆ ಅಮ್ಮನ ಅಡಿಗೆಯ ಜೊತೆಗೇ ಆಗುತ್ತಿದೆ.

ಕಾಲೇಜಿನಲ್ಲಿ ಗೆಳೆಯರು ಮೊದಲು ಕೇಳಿದುದು, “ಯಾವ ಜಾತಿ?” ಎಂದು. ಮನುಷ್ಯರ ವಿಷಯದಲ್ಲಿ ಬಾಯಿಬಿಟ್ಟು ಕೇಳಲು ಸಂಕೋಚಪಡುವ ಪ್ರಶ್ನೆಯನ್ನು ನಾಯಿಗಳ ವಿಷಯದಲ್ಲಿ ಎಷ್ಟು ಧಾರಾಳವಾಗಿ ಕೇಳುತ್ತೇವೆ! ಯಾವುದೂ ಇಲ್ಲ, ಬೀದಿಯದು ಎಂದರೆ ಮುಖದಲ್ಲಿ ಒಂದು ಕನಿಕರ ಮೂಡುತ್ತದೆ. ಕನಿಕರ ನನ್ನ ಮೇಲ್ಪಟ್ಟದ್ದು.

ಕಾರಿನ ವಿಷಯದಲ್ಲಿ ಮಾತ್ರ ಕಾಳಿ ಬದಲಾಗಲಿಲ್ಲ. ನಾವು ಕಾರಿನಲ್ಲಿ ಹೊರಟರೆ ಗೇಟಿನ ಬಳಿ ಕುಳಿತು, ಹಿಂದಿರುಗುವವರೆಗೆ ನೀರನ್ನೂ ಮುಟ್ಟುತ್ತಿರಲಿಲ್ಲ. ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು. ರಜದಲ್ಲಿ ನಾವು ಎಲ್ಲಿಗೂ ಹೋಗಲಿಲ್ಲ. ‘ಜೊತೆಗೆ ಕರೆದುಕೊಂಡು ಹೋಗುತ್ತೇವೆ’ ಎಂದು ಸಹಿ ಹಾಕಿದ್ದೆವಲ್ಲ!

ಜೂನ್ ತಿಂಗಳಿನ ಒಂದು ಮಧ್ಯಾಹ್ನ ತರಗತಿಗಳು ಬೇಗ ಮುಗಿದು ಮೂರು ಗಂಟೆಗೇ ಮನೆಗೆ ಬಂದೆ. ಮನೆಯ ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ಗಾಬರಿಯಿಂದ ಅಂಗಳಕ್ಕೆ ಬಂದೆ. ಅಲ್ಲಿ ನಿಂತಿದ್ದ ಕಾರಿನ ನಾಲ್ಕು ಬಾಗಿಲುಗಳೂ ಹಾರುಹೊಡೆದಿದ್ದುವು. ಹಿಂದಿನ ಆಸನದಲ್ಲಿ ಅಮ್ಮ ಕನ್ನಡಕ ಹಾಕಿಕೊಂಡು, ಕಾಲು ನೀಡಿ ಕುಳಿತು, ವಾರಪತ್ರಿಕೆಯ ಧಾರಾವಾಹಿಯನ್ನು ಓದುತ್ತಿದ್ದರು. ಅವರ ಪಕ್ಕದಲ್ಲಿ, ತೊಡೆಗೆ ಮೂತಿಯೊರಗಿಸಿ, ಕಾಳಿ ಮಲಗಿತ್ತು.

“ಸದ್ದು ಮಾಡಬೇಡ,” ಎಂದರು ಅಮ್ಮ ಪುಟದಿಂದ ಕಣ್ಣೆತ್ತದೆ. “ನಾಲ್ಕು ತಿಂಗಳಿನಿಂದ ದಿನವೂ ಕೂರುತ್ತಿದ್ದೇನೆ. ಮೊದಲು ಗೇಟಿನಿಂದ ನೋಡುತ್ತಿತ್ತು. ಆಮೇಲೆ ಚಕ್ರದ ಹತ್ತಿರ ಬಂತು. ಒಂದು ತಿಂಗಳು ಮುಂಗಾಲು ಮಾತ್ರ ಇಟ್ಟು ಚಪಾತಿ ತಿನ್ನುತ್ತಿತ್ತು. ಮೊನ್ನೆ ಸೋಮವಾರ ಹತ್ತಿ ಕೂತಿದೆ.”

ಮಂಡಿನೋವಿನಿಂದ ಬೇಲೂರಿಗೂ ಬರಲೊಲ್ಲದವರು ನಾಲ್ಕು ತಿಂಗಳು, ಬಿಸಿಲಲ್ಲಿ, ನಿಂತ ಕಾರಿನಲ್ಲಿ ಪ್ರಯಾಣ ಮಾಡಿದ್ದರು.

ಮುಂದಿನ ಭಾನುವಾರ ಅಮ್ಮನೂ ಕಾಳಿಯೂ ಹಿಂದೆ, ನಡುವೆ ಮಗಳು, ಮುಂದೆ ನಾವಿಬ್ಬರು. ಹೆಂಡತಿಯೇ ನಡೆಸಿದಳು. ದೂರವೇನೂ ಇಲ್ಲ, ಚಾಮುಂಡಿಬೆಟ್ಟದ ಬುಡದವರೆಗೆ ಹೋಗಿ ತಿರುಗಿಸುವುದೆಂದು ಗೊತ್ತುಮಾಡಿದ್ದೆವು. ಹೋಗುವಷ್ಟು ದಾರಿಯೂ ಕಾಳಿ ನಡುಗುತ್ತಲೇ ಇತ್ತು; ಅಮ್ಮನ ಕೈ ಅದರ ಬೆನ್ನಿನ ಮೇಲೆಯೇ ಇತ್ತು. ಬೆಟ್ಟದ ಬುಡದಲ್ಲಿ ಕಾರನ್ನು ನಿಲ್ಲಿಸಿದೆವು. ಬಾಗಿಲನ್ನು ತೆರೆಯಲಿಲ್ಲ, ಯಾರೂ ಇಳಿಯಲಿಲ್ಲ. ಕಾಳಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿತು. ಹೆಂಡತಿ ಕಾರನ್ನು ತಿರುಗಿಸಿದಳು.

ನಮ್ಮ ಬೀದಿಯ ತಿರುವಿಗೆ ಬಂದಾಗ ಕಾಳಿ ತಲೆಯೆತ್ತಿ ಮೂಸಿತು. ಮೂಲೆಯ ಮನೆಯ ಸಂಪಿಗೆಯ ಮರ, ಹಾಲಿನ ಬೂತು, ನಮ್ಮ ಗೇಟು, ಎಲ್ಲವೂ ಇದ್ದಲ್ಲಿಯೇ ಇದ್ದುವು. ಅದರ ನಡುಕ ನಿಂತಿತು. ಬಾಲ ಆಸನಕ್ಕೆ ಬಡಿಯತೊಡಗಿತು. ಕಾರೆಂಬುದು ಕರೆದೊಯ್ಯುವುದು ಮಾತ್ರವಲ್ಲ, ಮನೆಗೆ ಕರೆತರುವುದೂ ಉಂಟೆಂದು ಅದಕ್ಕೆ ಆಗ ತಿಳಿದಿರಬೇಕು.

ಆತಕೂರಿನ ಕಾಳಿ ಹಂದಿಯನ್ನು ಎದುರಿಸಿದುದಕ್ಕೆ ಕಲ್ಲು ನಿಲ್ಲಿಸಿದರು. ಅದು ಸಾವಿರ ವರ್ಷ ಉಳಿದಿದೆ, ಸಂತೋಷ. ನಮ್ಮ ಕಾಳಿಗೆ ಕಲ್ಲು ನಿಲ್ಲಿಸುವವರಿಲ್ಲ. ಆ ರಾತ್ರಿ ಅಮ್ಮ ಅದಕ್ಕೆ ಒಂದು ಚಪಾತಿಯನ್ನು ಹೆಚ್ಚಾಗಿ ಹಾಕಿದರು. ಹೊಸ್ತಿಲಿನ ಈಚೆಗೆ ಹಾಕಿದರೆಂಬುದನ್ನು ನಾವು ಯಾರೂ ಕಂಡಂತೆ ತೋರಿಸಿಕೊಳ್ಳಲಿಲ್ಲ.